ಕೂದಲು ತೆಗೆಯುವ ಯಂತ್ರ: ಕೊಳ್ಳುವ ಮುನ್ನ

“ಡಾಕ್ಟರ್ರೀ, ಮಗಳ ಮದುವಿ ಐತಿ. ಮಾರಿಮ್ಯಾಲಿನ ಕೂದಲಾ ತಗಿಯೋ ಲೇಸರ್ ಮಷಿನ್ ತರಸಬೋದೇನ್ರಿ?” ಸವದತ್ತಿಯ ತಾಯಂದಿರು ಈಗ ಹೀಗೆ ಕೇಳುತ್ತಾರೆ.

ಮನೆಬಳಕೆಯ ಇಂಥ ಯಂತ್ರಗಳಲ್ಲಿ ಹೆಚ್ಚಿನವು ಲೇಸರ್ ಅಲ್ಲ, ಐ.ಪಿ.ಎಲ್. ಎಂಬ ತೀವ್ರ ಬೆಳಕಿನವು. ಎರಡರ ತತ್ತ್ವವೂ ಒಂದೇ: ಕೂದಲಿನ ಕಪ್ಪು ವರ್ಣದ್ರವ್ಯವಾದ ಮೆಲನಿನ್ ಬೆಳಕನ್ನು ಹೀರಿ ಕಾಯುತ್ತದೆ; ಆ ಶಾಖದಿಂದ ಕೂದಲಿನ ಬುಡ ಕುಂದುತ್ತದೆ. ಮೆಲನಿನ್ ತ್ವಚೆಯಲ್ಲಿಯೂ ಇದೆ. ಆದ್ದರಿಂದ ಕಪ್ಪು ಮೈಬಣ್ಣದವರಿಗೂ ಹೊಲದ ಬಿಸಿಲಿಗೆ ಕಂದಿದವರಿಗೂ ಸುಟ್ಟಗಾಯ, ಕಲೆಗಳ ಭಯವುಂಟು. ನರೆಗೂದಲಿಗೆ ಇದರಿಂದ ಪ್ರಯೋಜನವಿಲ್ಲ. ಬೆಳೆಯುವ ಹಂತದ ಕೂದಲಿಗಷ್ಟೇ ಪರಿಣಾಮವಾಗುವುದರಿಂದ ತಿಂಗಳುಗಟ್ಟಲೆ ಬಳಸಬೇಕು. ಬಿಟ್ಟರೆ ಮತ್ತೆ ಬೆಳೆಯಬಹುದು. ನಮ್ಮ ಅರಿಷಿಣ-ಕಡಲೆಹಿಟ್ಟಿನ ಲೇಪವೂ ಬುಡವನ್ನು ನಾಶಮಾಡದು.

ಯಂತ್ರದೊಡನೆ ಬರುವ ಮೈಬಣ್ಣದ ಪಟ್ಟಿಯಲ್ಲಿ ನಿಮ್ಮ ಬಣ್ಣಕ್ಕೆ ಅನುಮತಿಯಿದ್ದರೆ ಕೈಕಾಲುಗಳಿಗಾಗಿ ಕೊಳ್ಳಬಹುದು. ಮಚ್ಚೆ, ಹಚ್ಚೆ, ಕಣ್ಣಿನ ಸುತ್ತ ಬಳಸಬಾರದು, ಗರ್ಭಿಣಿಯರಿಗೆ ಸಲ್ಲದು.

ಗದ್ದ, ಮೇಲ್ದುಟಿಗಳಲ್ಲಿ ಒರಟು ಕೂದಲು ಬೆಳೆದು ಮುಟ್ಟೂ ತಪ್ಪುತ್ತಿದ್ದರೆ ಪಿ.ಸಿ.ಓ.ಎಸ್. ಇರಬಹುದು. ಆಗ ಯಂತ್ರಕ್ಕೆಂದು ಎತ್ತಿಟ್ಟ ಹಣದಲ್ಲಿ ಮೊದಲು ವೈದ್ಯರನ್ನು ಕಂಡು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿರಿ. ಆಯುರ್ವೇದದಲ್ಲಿಯೂ ನಿದಾನ ಮೊದಲು, ಚಿಕಿತ್ಸೆ ಅನಂತರ. ಮದುವೆಯ ದಿನ ಒಂದೇ. ಮಗಳ ಆರೋಗ್ಯ ಬಾಳಿನುದ್ದಕ್ಕೂ ಬೇಕು.