ಉಪಯೋಗದ ಚೆಲುವು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವು ಸೋಲಿಗರ ನೆಲೆವೀಡು. ತಮ್ಮ ಮೂಲಪುರುಷನು ಬಿದಿರಿನಿಂದ ಹುಟ್ಟಿದನೆಂಬ ಐತಿಹ್ಯ ಅವರಲ್ಲಿದೆ. ಅವರ ಬಾಳನ್ನು ಬಲ್ಲವರಿಗೆ ಈ ಕಥೆ ಸಹಜವಾಗಿಯೇ ತೋರುತ್ತದೆ. ಗುಡಿಸಲಿನ ತಡಿಕೆ, ಕಾಳಿನ ಬುಟ್ಟಿ, ಊದುವ ಕೊಳಲು ಇವುಗಳಿಗೆಲ್ಲ ಬಿದಿರೇ ಆಧಾರವಾಗಿತ್ತು.

ಬಿದಿರಿನ ಬುಟ್ಟಿಯೊಂದನ್ನು ಕೈಯಲ್ಲಿ ಹಿಡಿದು ನೋಡಬೇಕು. ಭಾರ ಹೊರುವ ಕಡೆ ದಬ್ಬೆ ದಪ್ಪ. ಬಾಗಬೇಕಾದ ಕಡೆ ಎಳೆ ತೆಳು. ಅಂಚಿನ ಸುತ್ತ ಬಿಗಿದ ಪಟ್ಟಿಯು ಹೆಣಿಗೆ ಬಿಚ್ಚದಂತೆ ತಡೆಯುತ್ತದೆ. ಸಂದಿಗಳಲ್ಲಿ ಗಾಳಿಯಾಡುವುದರಿಂದ ಒಳಗಿನ ಗೆಡ್ಡೆಗೆಣಸುಗಳು ಬೇಗ ಕೊಳೆಯುವುದಿಲ್ಲ. ಒಂದೆಳೆಯನ್ನು ಕಿತ್ತರೆ ಬುಟ್ಟಿ ಸಡಿಲವಾಗುತ್ತದೆ. ಒಂದೆಳೆಯನ್ನು ಕೂಡಿಸಿದರೆ ಭಾರ ಹೆಚ್ಚುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೆಣೆದ ಕೈ ಅರಿತಿದೆ.

ಈ ವಿವೇಕವನ್ನು ಕಲಿಸಿದುದು ಕಾಡು. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ಮರಗಳಲ್ಲಿ, ಕಡಿದಾದ ಬಂಡೆಗಳಲ್ಲಿ. ಅಲ್ಲಿಗೆ ಏರುವವನು ಹೊಗೆಯೆಬ್ಬಿಸುವ ಸೊಪ್ಪಿನ ಕಟ್ಟು, ಕತ್ತಿ, ಜೇನು ತುಂಬುವ ಪಾತ್ರೆ ಇಷ್ಟನ್ನೇ ಒಯ್ಯಬಲ್ಲನು. ಬೇಡದ ಒಂದು ವಸ್ತುವೂ ಅಲ್ಲಿ ಪ್ರಾಣಕ್ಕೆ ಎರವಾದೀತು.

ಯಂತ್ರಯುಗದ ಪಶ್ಚಿಮ ದೇಶಗಳು ಇದೇ ತತ್ತ್ವವನ್ನು ಬೇರೊಂದು ದಾರಿಯಿಂದ ಕಂಡುಕೊಂಡವು. ಕಲೆಯನ್ನೂ ಕಸುಬನ್ನೂ ಕೂಡಿಸುವ ಉದ್ದೇಶದಿಂದ ವಾಲ್ಟರ್ ಗ್ರೋಪಿಯಸ್ ೧೯೧೯ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ 'ಬೌಹೌಸ್' ಶಾಲೆಯನ್ನು ಸ್ಥಾಪಿಸಿದನು. ೧೯೫೫ರಲ್ಲಿ ಬ್ರೌನ್ ಕಂಪನಿಯನ್ನು ಸೇರಿದ ಡೀಟರ್ ರಾಮ್ಸ್ ಅವರು ರೇಡಿಯೋ ಮುಂತಾದ ಗೃಹೋಪಯೋಗಿ ಸಾಧನಗಳಲ್ಲಿದ್ದ ಅನಾವಶ್ಯಕ ಅಲಂಕಾರವನ್ನು ತೊರೆದರು. ವಸ್ತು ಕಡಮೆಯಿರಲಿ, ಉತ್ತಮವಾಗಿರಲಿ ಎಂಬುದು ಅವರ ನಿಲುವು. ಇಂದಿನ ಮೊಬೈಲ್ ಫೋನುಗಳ ಸರಳ ರೂಪದಲ್ಲಿಯೂ ಆ ಚಿಂತನೆಯ ಪ್ರಭಾವವಿದೆ.

ಭಾರತ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ೧೯೫೮ರ ತಮ್ಮ ವರದಿಯಲ್ಲಿ ಬಹುವಾಗಿ ಮೆಚ್ಚಿದುದು ನಮ್ಮ ಸಾಮಾನ್ಯ ಚೊಂಬನ್ನು. ಅದು ಯಾವನೊಬ್ಬನ ರಚನೆಯೂ ಅಲ್ಲ; ಅನೇಕ ತಲೆಮಾರುಗಳ ಕೈಗಳು ತಿದ್ದಿ ತಿದ್ದಿ ಪಡೆದ ರೂಪ. ಆ ವರದಿಯ ಫಲವಾಗಿ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ಬುಟ್ಟಿಯೂ ಆ ಚೊಂಬಿನಂತೆಯೇ ಹೆಸರಿಲ್ಲದ ಕುಶಲಿಗಳ ಕೊಡುಗೆ.

ಇಂದು ಬುಟ್ಟಿಯ ಎಡೆಗೆ ಪ್ಲಾಸ್ಟಿಕ್ ಬಂದಿದೆ. ಅದು ಅಗ್ಗ, ಆದರೆ ಒಡೆದ ಮೇಲೆ ಮಣ್ಣಾಗದು. ಇನ್ನು ಕಾಡಿನಲ್ಲಿ, ಹೊರನಾಡಿನಿಂದ ಬಂದ ಲಂಟಾನ ಪೊದೆಯು ಹಬ್ಬಿಕೊಂಡು, ಮರಗಳ ಎಳೆಸಸಿಗಳನ್ನು ಮೇಲೇಳಗೊಡದಾಗಿದೆ. ಆದರೂ ಹಳೆಯ ಕೌಶಲ ಸೋತು ಕುಳಿತಿಲ್ಲ. ನೆರೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ, ಬೆಂಗಳೂರಿನ ಏಟ್ರೀ ಸಂಸ್ಥೆಯಿಂದ ತರಬೇತಿ ಪಡೆದ ಸೋಲಿಗರು ಅದೇ ಲಂಟಾನದ ಕೋಲುಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಕುರ್ಚಿ ಮೇಜುಗಳನ್ನು ಮಾಡಿದರು. ಕಾಡಿಗೆ ಕಂಟಕವಾದುದೇ ಜೀವನೋಪಾಯವಾಯಿತು.

ಯಾವ ವಸ್ತುವನ್ನು ಕೊಳ್ಳುವಾಗಲೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಇದು ಯಾವ ಕೆಲಸಕ್ಕೆ ಬೇಕು? ಎಷ್ಟು ಕಾಲ ಬಾಳುವುದು? ಕೆಟ್ಟ ಮೇಲೆ ಎಲ್ಲಿಗೆ ಹೋಗುವುದು? ಬೆಟ್ಟದ ಬುಟ್ಟಿಯು ಈ ಮೂರಕ್ಕೂ ಎಂದೋ ಉತ್ತರ ಕೊಟ್ಟಿದೆ.