ತುಕ್ಕು ಹಿಡಿದ ಕಾರಿಗೆ ಮನೆಯಲ್ಲಿ ಬೆಸುಗೆ

ಕಬ್ಬಿಣಕ್ಕೆ ಅದರ ತುಕ್ಕೇ ಶತ್ರು. ಈ ಮಾತಿನ ಸತ್ಯವನ್ನು ಅರಿಯಲು ಹಳೆಯ ಕಾರೊಂದರ ನೆಲಹಾಸನ್ನು ಎತ್ತಿ ನೋಡಿದರೆ ಸಾಕು. ಹೊರಗೆ ಬಣ್ಣವು ಹೊಳೆಯುತ್ತಿದ್ದರೂ ಒಳಗೆ ತಗಡು ಹಪ್ಪಳದಂತೆ ಮುರಿಯುತ್ತಿರುತ್ತದೆ. ಅಂತಹ ಕಾರನ್ನು ಹೊಸಬನೊಬ್ಬನು ಮನೆಯಂಗಳದಲ್ಲಿ ಬೆಸೆದು ಉಳಿಸಬಲ್ಲನೇ ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ. ನಿದರ್ಶನಕ್ಕೆ ನಾಗಪುರವನ್ನು ತೆಗೆದುಕೊಳ್ಳುತ್ತೇವೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಾಗಿ ಶ್ರಮಿಸಿದ ವಿಶ್ವೇಶ್ವರಯ್ಯನವರ ಹೆಸರಿನ ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಆ ನಗರದಲ್ಲಿಯೇ ಸ್ಥಾಪಿತವಾಯಿತು. ಹೀಗಾಗಿ ಅದು ನಮಗೆ ತೀರ ಪರಸ್ಥಳವಲ್ಲ.

ತುಕ್ಕೆಂದರೇನು? ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಸೇರಿ ಮಾರ್ಪಟ್ಟಾಗ ಉಂಟಾಗುವ ಕೆಂಗಂದು ಪದಾರ್ಥವೇ ತುಕ್ಕು. ಅಲ್ಯುಮಿನಿಯಂ ಲೋಹದ ಆಕ್ಸೈಡು ಮೈಗೆ ಬಿಗಿಯಾಗಿ ಅಂಟಿ ಕವಚವಾಗುತ್ತದೆ. ಕಬ್ಬಿಣದ ತುಕ್ಕಾದರೋ ಸಡಿಲವಾಗಿ ಉದುರಿ, ಹೊಸ ಲೋಹವನ್ನು ತೇವಕ್ಕೆ ಒಡ್ಡುತ್ತದೆ. ನಾಗಪುರವು ಕಡಲಿಗೆ ಬಹುದೂರ. ಮಂಗಳೂರಿನ ಉಪ್ಪುಗಾಳಿ ಅಲ್ಲಿಲ್ಲ. ಬೇಸಿಗೆಯಲ್ಲಿ 45 ಡಿಗ್ರಿಯನ್ನು ಮುಟ್ಟುವ ಒಣ ಬಿಸಿಲು ತಾನಾಗಿ ತುಕ್ಕನ್ನು ತರುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಬೇಸಿಗೆಯ ಧೂಳು ಕೆಸರಾಗಿ ಬಾಗಿಲಿನ ತಳದಲ್ಲಿಯೂ ಚಕ್ರದ ಕಮಾನಿನಲ್ಲಿಯೂ ನಿಲ್ಲುತ್ತದೆ. ಸುರಿದು ಹೋಗುವ ಮಳೆಗಿಂತ ನಿಂತ ತೇವವೇ ಹೆಚ್ಚು ಕೇಡು.

ಕಾರಿನ ತಗಡಿನ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು. ಉಕ್ಕು ಸುಮಾರು 1500 ಡಿಗ್ರಿಯಲ್ಲಿ ಕರಗುತ್ತದೆ. ವಿದ್ಯುತ್ತಿನ ಕಿಡಿಯ ಉಷ್ಣತೆ ಅದಕ್ಕಿಂತ ಬಹಳ ಹೆಚ್ಚು. ಆದುದರಿಂದ ಗೇಟು, ಕಿಟಕಿಗಳನ್ನು ಬೆಸೆಯುವ ಕಡ್ಡಿಯ ವೆಲ್ಡಿಂಗ್ ಹೊಸಬನ ಕೈಯಲ್ಲಿ ತಗಡನ್ನು ಕೂಡಿಸುವ ಬದಲು ತೂತು ಮಾಡುತ್ತದೆ. ಇದಕ್ಕೆ ಮಿಗ್ ಯಂತ್ರವೇ ತಕ್ಕುದು. ಅದರಲ್ಲಿ 0.6 ಅಥವಾ 0.8 ಮಿಲಿಮೀಟರಿನ ತಂತಿ ತಾನಾಗಿ ಮುಂದೆ ಬರುತ್ತದೆ. ಅನಿಲವು ಕರಗಿದ ಲೋಹವನ್ನು ಗಾಳಿಯಿಂದ ಮರೆಮಾಡುತ್ತದೆ. ಜೋರು ಗಾಳಿಯಲ್ಲಿ ಈ ಹೊದಿಕೆ ಚೆದುರಿ ಬೆಸುಗೆಯು ರಂಧ್ರಮಯವಾಗುವುದು.

ಕೆಲಸದ ಕ್ರಮವನ್ನು ಗಮನಿಸೋಣ. ಮೊದಲು ತುಕ್ಕು ತಿಂದ ಭಾಗವನ್ನು, ಹೊಳೆಯುವ ಗಟ್ಟಿ ಲೋಹವು ಕಾಣುವವರೆಗೂ ಕತ್ತರಿಸಿ ತೆಗೆಯಬೇಕು. ಬೆರಳಗಲದ ತುಕ್ಕೆಂದು ತೊಡಗಿದವನಿಗೆ ಅಂಗೈಯಗಲದ ಕಂಡಿ ಕಾಣುವುದು ಅಪರೂಪವಲ್ಲ. ಅಲ್ಲಿಗೆ ಧೈರ್ಯಗೆಡಬಾರದು, ತುಕ್ಕಿನ ಮೇಲೆ ಬೆಸುಗೆ ನಿಲ್ಲದು. ಬಳಿಕ ರಟ್ಟಿನಲ್ಲಿ ಅಚ್ಚು ತೆಗೆದು, ಅದೇ ದಪ್ಪದ ಹೊಸ ತಗಡನ್ನು ಕತ್ತರಿಸಿ ಕೂರಿಸಬೇಕು. ಒಂದೇ ಗೆರೆಯಾಗಿ ಬೆಸೆದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಆದುದರಿಂದ ಇಲ್ಲೊಂದು, ಎದುರಿಗೊಂದು ಚುಕ್ಕೆ ಬೆಸೆದು, ಆರಲು ಬಿಟ್ಟು, ನಡುವಿನ ಎಡೆಗಳನ್ನು ಮೆಲ್ಲನೆ ತುಂಬಬೇಕು. ಕೊನೆಗೆ ಉಬ್ಬನ್ನು ಉಜ್ಜಿ, ಸತುವಿನ ಅಂಶವುಳ್ಳ ಪ್ರೈಮರ್ ಬಳಿದು, ಒಳಮೈಗೂ ರಕ್ಷಣೆ ಕೊಡಬೇಕು. ಇಲ್ಲದಿದ್ದರೆ ತುಕ್ಕು ಒಳಗಿನಿಂದ ಮರಳುತ್ತದೆ. ಕಾರನ್ನು ಮುಟ್ಟುವ ಮುನ್ನ ಹಾಳು ತಗಡಿನ ಚೂರುಗಳ ಮೇಲೆ ಕೈ ಪಳಗಿಸಿಕೊಳ್ಳುವುದು ವಿವೇಕ.

ಅಪಾಯಗಳನ್ನು ಕಡೆಗಣಿಸಲಾಗದು. ಕಿಡಿಯ ಅತಿನೇರಳೆ ಕಿರಣಗಳು ಕಣ್ಣನ್ನು ಸುಡುತ್ತವೆ. ಮರಳು ತುಂಬಿದಂತಹ ನೋವು ಕೆಲವು ತಾಸುಗಳ ಅನಂತರ ತೋರುವುದರಿಂದ ಕಪ್ಪು ಗಾಜಿನ ಮುಖವಾಡವಿಲ್ಲದೆ ನೋಡಲೇಬಾರದು. ಸತು ಲೇಪಿಸಿದ ತಗಡಿನ ಹೊಗೆಯಿಂದ ಚಳಿಜ್ವರ ಬರಬಹುದು. ಪೆಟ್ರೋಲ್ ಟ್ಯಾಂಕ್ ಬರಿದಾಗಿದ್ದರೂ ಅದರೊಳಗಿನ ಆವಿ ಸಿಡಿಯಬಲ್ಲದು. ಬ್ಯಾಟರಿಯ ತಂತಿಯನ್ನು ಕಳಚಿ, ಆಸನ, ಹಾಸುಗಳನ್ನು ತೆಗೆದು, ನೀರು ಮರಳುಗಳನ್ನು ಬಳಿಯಲ್ಲಿರಿಸಿಕೊಳ್ಳಬೇಕು. ಕೆಲಸ ಮುಗಿದ ಮೇಲೂ ಒಂದು ಗಂಟೆಯಷ್ಟು ಕಾದು ನೋಡಬೇಕು. ಅಡಗಿದ ಕಿಡಿ ತಡವಾಗಿ ಹೊತ್ತಿಕೊಳ್ಳಬಹುದು. ವಿದ್ಯಾರ್ಥಿಗಳಂತೂ ಬಲ್ಲ ಹಿರಿಯರ ಎದುರಿನಲ್ಲಲ್ಲದೆ ಇದಕ್ಕೆ ಕೈಹಾಕಬಾರದು.

ಮಡ್‌ಗಾರ್ಡಿನ ತೇಪೆ ಕೆಟ್ಟರೆ ಅಂದಕ್ಕೆ ಮಾತ್ರ ಕುಂದು. ಆದರೆ ಚಕ್ರದ ಆಧಾರ, ಸೀಟುಪಟ್ಟಿಯ ಕೊಂಡಿ, ಬಾಗಿಲಡಿಯ ತೊಲೆ ಇವುಗಳ ಮೇಲೆ ಜನರ ಪ್ರಾಣವೇ ನಿಂತಿದೆ. ಅವನ್ನು ನುರಿತ ಟಿಂಕರಿಂಗ್ ಕೆಲಸಗಾರರಿಗೆ ಒಪ್ಪಿಸುವುದೇ ಸರಿ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದು ಮಾರುವವರು, ಕೊಂಡವನ ಹಣವನ್ನಷ್ಟೇ ಅಲ್ಲ, ಜೀವವನ್ನೂ ಪಣಕ್ಕೊಡ್ಡುತ್ತಾರೆ. ಮುಚ್ಚಿದ ದೋಷವು ಬೆಳೆಯುತ್ತದೆ, ತೆರೆದು ಕಂಡುದನ್ನು ತಿದ್ದಬಹುದು. ಈ ಕೈಗೆಲಸದಿಂದ ನಾವು ಕಲಿಯಬೇಕಾದ ಪಾಠವಿದು.