ಹಾವಿಗಿಂತ ಮೊದಲು ಗೂಡು: ಶೀತರಕ್ತ ಎಂಬ ಪದದ ಪಾಠ



ಸರೀಸೃಪಗಳು ಶೀತರಕ್ತ ಪ್ರಾಣಿಗಳು ಎಂದು ಪ್ರಥಮ ಪಿಯುಸಿಯಲ್ಲಿ ಓದುತ್ತೀರಿ. ಪರೀಕ್ಷೆಯಲ್ಲಿ ಅದನ್ನು ಬರೆದರೆ ಒಂದು ಅಂಕ ಸಿಗುತ್ತದೆ. ಆದರೆ ಹಾವಿನ ರಕ್ತ ತಣ್ಣಗಿರಲೇಬೇಕೆಂದಿಲ್ಲ. ಬಿಸಿಲಿನಲ್ಲಿ ಮಲಗಿದ ಹಾವಿನ ಮೈ ನಮ್ಮ ಮೈಯಷ್ಟೇ ಬೆಚ್ಚಗಿರಬಹುದು. ಆ ಶಾಖವನ್ನು ಅದು ತಾನೇ ಉತ್ಪಾದಿಸುವುದಿಲ್ಲ, ಹೊರಗಿನಿಂದ ಪಡೆಯುತ್ತದೆ ಎಂಬುದಷ್ಟೇ ಆ ಪದದ ಅರ್ಥ. ಈ ಅರ್ಥ ಸ್ಪಷ್ಟವಾಗುವಂತಹ ಒಂದು ನಿಜ ಉದಾಹರಣೆಯನ್ನು ಇಲ್ಲಿ ಕೊಡುತ್ತಿದ್ದೇನೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನನ್ನ ತಂಗಿಯ ಕುಟುಂಬವಿದೆ. ಅವಳ ಮಗಳಿಗೆ ಹದಿನಾರು ತುಂಬಿದಾಗ ಒಂದು ಬಾಲ್ ಪೈಥಾನ್ ಸಾಕುವ ಆಸೆಯಾಯಿತು. ಅಲ್ಲಿ ಇದನ್ನು ರಾಯಲ್ ಪೈಥಾನ್ ಎನ್ನುತ್ತಾರೆ. ಅಲ್ಲಿನ ಕಾನೂನಿನಂತೆ ಹದಿನಾರಕ್ಕಿಂತ ಕಡಿಮೆ ವಯಸ್ಸಿನವರಿಗೆ ಪ್ರಾಣಿ ಮಾರುವಂತಿಲ್ಲ. 2006ರ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ ಸಾಕುವವರು ತಕ್ಕ ವಾಸಸ್ಥಳ, ತಕ್ಕ ಆಹಾರ, ಸಹಜ ನಡವಳಿಕೆಗೆ ಅವಕಾಶ ಮುಂತಾದವನ್ನು ಒದಗಿಸಲೇಬೇಕು. ತಂಗಿ ಫೋನ್ ಮಾಡಿ, "ನೀನು ಜೀವಶಾಸ್ತ್ರದ ಮೇಷ್ಟ್ರು, ಅವಳಿಗೆ ಬುದ್ಧಿ ಹೇಳು" ಎಂದಳು. ನಾನು ಬೇಡ ಎನ್ನಲಿಲ್ಲ. ಒಂದೇ ಒಂದು ಷರತ್ತು ಹಾಕಿದೆ: ಮೊದಲು ಗೂಡು ಸಿದ್ಧವಾಗಲಿ, ಖಾಲಿ ಗೂಡಿನಲ್ಲಿ ಮೂರು ವಾರ ಉಷ್ಣತೆ ಮತ್ತು ತೇವಾಂಶ ಬರೆದಿಡು, ಲೆಕ್ಕ ಸರಿಯಾದರೆ ಮಾತ್ರ ಹಾವು.

ಪ್ರಾಣಿಯ ಪರಿಚಯ

ಬಾಲ್ ಪೈಥಾನ್‌ನ ವೈಜ್ಞಾನಿಕ ಹೆಸರು ಪೈಥಾನ್ ರೀಜಿಯಸ್. ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲು, ಕುರುಚಲು ಕಾಡು. ವಿಷವಿಲ್ಲ. ಬೆಳೆದ ಹಾವು ಸಾಮಾನ್ಯವಾಗಿ 3ರಿಂದ 5 ಅಡಿ ಉದ್ದ. ಹೆಣ್ಣು ಗಂಡಿಗಿಂತ ದೊಡ್ಡದು. ಹಗಲಿನಲ್ಲಿ ಇಲಿ ಬಿಲಗಳಲ್ಲಿ, ಗೆದ್ದಲು ಹುತ್ತಗಳಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತದೆ. ಹೆದರಿದಾಗ ತಲೆಯನ್ನು ನಡುವೆ ಇಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಹೆಸರು ಬಂದದ್ದು ಹಾಗೆ. ಸಾಕಿದಲ್ಲಿ 20ರಿಂದ 30 ವರ್ಷ ಬದುಕುವುದು ಸಾಮಾನ್ಯ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಿಂದ ಇದ್ದ ಒಂದು ಹೆಣ್ಣು 2020ರಲ್ಲಿ ಮೊಟ್ಟೆ ಇಟ್ಟು ಸುದ್ದಿಯಾಗಿತ್ತು.

ಗೂಡಿನ ನಾಲ್ಕು ಅಗತ್ಯಗಳು

1. ಉಷ್ಣತೆಯ ಇಳಿಜಾರು. ಗೂಡಿನ ಎಲ್ಲ ಕಡೆ ಒಂದೇ ಉಷ್ಣತೆ ಇರಬಾರದು. ಒಂದು ತುದಿಯಲ್ಲಿ ಮೈ ಕಾಯಿಸುವ ಜಾಗ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25-26 ಡಿಗ್ರಿ ಇರಬೇಕು. ಹಾವು ಅತ್ತಿತ್ತ ಸರಿದು ತನಗೆ ಬೇಕಾದಷ್ಟು ಶಾಖ ಪಡೆಯುತ್ತದೆ. ನಮ್ಮ ದೇಹದೊಳಗೆ ನಡೆಯುವ ನಿಯಂತ್ರಣವನ್ನು ಅದು ಚಲನೆಯಿಂದ ಸಾಧಿಸುತ್ತದೆ. ಉಷ್ಣತೆ ಸಾಲದಿದ್ದರೆ ಕಿಣ್ವಗಳ ಕೆಲಸ ನಿಧಾನವಾಗಿ, ನುಂಗಿದ ಇಲಿ ಜೀರ್ಣವಾಗದೆ ಹೊರಬರಬಹುದು.

2. ಥರ್ಮೋಸ್ಟಾಟ್. ಹೀಟರನ್ನು ನೇರವಾಗಿ ಪ್ಲಗ್ಗಿಗೆ ಹಾಕಬಾರದು. ಉಷ್ಣತೆ ಏರಿದರೆ ಕರೆಂಟ್ ಕಡಿಮೆ ಮಾಡಿ, ಇಳಿದರೆ ಹೆಚ್ಚಿಸುವ ಥರ್ಮೋಸ್ಟಾಟ್ ಋಣಾತ್ಮಕ ಹಿಮ್ಮಾಹಿತಿಗೆ ಒಳ್ಳೆಯ ಉದಾಹರಣೆ. ದ್ವಿತೀಯ ಪಿಯುಸಿಯವರು ಹಾರ್ಮೋನುಗಳ ನಿಯಂತ್ರಣದ ಜೊತೆ ಹೋಲಿಸಿ ನೋಡಿ. ಥರ್ಮೋಸ್ಟಾಟ್ ಇಲ್ಲದ ಹೀಟರ್ ಮತ್ತು ಬಿಸಿ ಕಲ್ಲುಗಳ ಮೇಲೆ ಹಾವುಗಳು ಸುಟ್ಟುಕೊಳ್ಳುತ್ತವೆ. ದೀಪದ ಸುತ್ತ ಜಾಲರಿಯೂ ಇರಬೇಕು.

3. ತೇವಾಂಶ. ಸಾಪೇಕ್ಷ ಆರ್ದ್ರತೆ ಸುಮಾರು ಶೇ. 55ರಿಂದ 70. ಗಾಳಿ ಒಣಗಿದರೆ ಪೊರೆ ಒಂದೇ ತುಂಡಾಗಿ ಕಳಚದೆ ಚೂರುಚೂರಾಗುತ್ತದೆ. ಕಣ್ಣಿನ ಮೇಲಿನ ಪೊರೆ ಅಂಟಿಕೊಂಡು ಉಳಿಯುತ್ತದೆ. ತಳಕ್ಕೆ ತೆಂಗಿನ ನಾರಿನ ಪುಡಿ ಹಾಸಿದರೆ ತೇವ ಹಿಡಿದಿಡುತ್ತದೆ. ಸೀಡರ್ ಮರದ ಹೊಟ್ಟು ಬೇಡ. ಅದರ ಎಣ್ಣೆಯ ಘಾಟು ಉಸಿರಾಟಕ್ಕೆ ಹಾನಿ.

4. ಅಡಗುವ ಜಾಗ. ಬೆಚ್ಚಗಿನ ತುದಿಯಲ್ಲಿ ಒಂದು, ತಂಪು ತುದಿಯಲ್ಲಿ ಒಂದು, ಕನಿಷ್ಠ ಎರಡು ಗುಹೆ. ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಬೇಕು. ಒಂದೇ ಇದ್ದರೆ ಹಾವು ಶಾಖ ಬೇಕೋ ಸುರಕ್ಷತೆ ಬೇಕೋ ಎಂಬ ಇಕ್ಕಟ್ಟಿಗೆ ಸಿಲುಕುತ್ತದೆ. ಜೊತೆಗೆ ನೀರಿನ ಭಾರದ ಬೋಗುಣಿ, ಮತ್ತು ಬೀಗ. ಸಣ್ಣ ಸಂದಿ ಸಿಕ್ಕರೂ ಹಾವು ಹೊರಬರುತ್ತದೆ.

ಬೆಳೆದ ಹಾವಿಗೆ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಗೂಡು ಬೇಕು. ಅದು ಮೈ ನೀಡಿ ಮಲಗುವಂತಿರಬೇಕು.

ಲೆಕ್ಕ ಹೇಳಿದ್ದೇನು?

ಹುಡುಗಿ ಯಾರೋ ಬಳಸಿ ಬಿಟ್ಟ ಗಾಜಿನ ಪೆಟ್ಟಿಗೆ ತಂದಿದ್ದಳು. ಮೇಲೆ ಜಾಲರಿಯ ಮುಚ್ಚಳ. ಡಿಸೆಂಬರ್ ತಿಂಗಳು. ಪ್ರತಿದಿನ ಬೆಳಿಗ್ಗೆ, ರಾತ್ರಿ ಎರಡೂ ತುದಿಗಳ ಅಂಕಿ ಕಳಿಸುತ್ತಿದ್ದಳು. ಮೊದಲ ವಾರ ಬೆಳಗಿನ ಜಾವ ತಂಪು ತುದಿ 19 ಡಿಗ್ರಿಗೆ ಇಳಿಯುತ್ತಿತ್ತು, ತೇವಾಂಶ ಶೇ. 35. ನೀರು ಚಿಮುಕಿಸಿದರೆ ಏರಿ, ಎರಡು ಗಂಟೆಯಲ್ಲಿ ಮತ್ತೆ ಅಷ್ಟಕ್ಕೇ. ಕಾರಣ ಅವಳೇ ಹುಡುಕಲಿ ಎಂದು ಬಿಟ್ಟೆ. ಮೂರನೇ ದಿನ ಉತ್ತರ ಬಂತು: ತೆಳು ಗಾಜು ಶಾಖವನ್ನು ಬೇಗ ಬಿಟ್ಟುಕೊಡುತ್ತದೆ, ಬೆಚ್ಚನೆಯ ತೇವದ ಗಾಳಿ ಹಗುರವಾಗಿ ಜಾಲರಿಯ ಮೂಲಕ ಮೇಲೆ ಹೋಗುತ್ತದೆ, ಹೊರಗಿನ ತಣ್ಣನೆಯ ಗಾಳಿ ಮನೆಯೊಳಗೆ ಬಿಸಿಯಾದಾಗ ಅದರ ಸಾಪೇಕ್ಷ ಆರ್ದ್ರತೆ ಕುಸಿಯುತ್ತದೆ.

ಮರದ ಗೂಡು ಬಂತು. ಮುಂಭಾಗದಲ್ಲಿ ಜಾರುವ ಗಾಜು, ಪಕ್ಕದಲ್ಲಿ ಸಣ್ಣ ಗಾಳಿಕಿಂಡಿ. ಎಣಿಕೆ ಮೊದಲಿನಿಂದ ಶುರು. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆದರೆ ಅಂಕಿ ಬರೆಯುವುದನ್ನು ಬಿಡಲಿಲ್ಲ. ಈ ಬಾರಿ ರಾತ್ರಿಯೂ ತಂಪು ತುದಿ 25ರಲ್ಲಿ ನಿಂತಿತು, ತೇವಾಂಶ 60ರ ಆಸುಪಾಸು. ಮೊದಲ ಪೆಟ್ಟಿಗೆಯಲ್ಲಿ ಹಾವು ಇದ್ದಿದ್ದರೆ ಆ ವಾರವೆಲ್ಲ ಚಳಿಯಲ್ಲಿ ಕಳೆಯುತ್ತಿತ್ತು. ಅದು ನಾಯಿಯಂತೆ ಕುಂಯ್‌ಗುಡುವುದಿಲ್ಲ, ಬೆಕ್ಕಿನಂತೆ ಕೂಗುವುದಿಲ್ಲ. ಕಷ್ಟ ಹೇಳಿಕೊಳ್ಳಲಾಗದ ಪ್ರಾಣಿಯ ಪರವಾಗಿ ಥರ್ಮಾಮೀಟರ್ ಮಾತಾಡಬೇಕು.

ಇನ್ನೊಂದು ಲೆಕ್ಕ ಉಳಿದಿತ್ತು. ಎರಡು ವರ್ಷದಲ್ಲಿ ಅವಳು ಕಾಲೇಜಿಗೆ ಬೇರೆ ಊರು ಸೇರುವವಳು. ಹಾವಿನ ಆಯುಷ್ಯ ಮೂವತ್ತು. ಆಮೇಲೆ ಯಾರು? ನನ್ನ ತಂಗಿಗೆ ಹಾವೆಂದರೆ ಭಯ. ಕೊನೆಗೆ ಅವಳೇ ಮಗಳ ಜೊತೆ ಕೂತು ಥರ್ಮೋಸ್ಟಾಟ್ ಹೊಂದಿಸುವುದನ್ನು, ಹೆಪ್ಪುಗಟ್ಟಿಸಿದ ಇಲಿಯನ್ನು ಕರಗಿಸಿ ಇಕ್ಕಳದಲ್ಲಿ ಕೊಡುವುದನ್ನು ಕಲಿತಳು. ಅದಾದ ಮೇಲೆಯೇ ಹಾವು ಬಂದದ್ದು. ಕಾಡಿನಿಂದ ಹಿಡಿದದ್ದಲ್ಲ, ಅಲ್ಲೇ ಸಾಕಣೆಯಲ್ಲಿ ಹುಟ್ಟಿದ್ದು.

ನಮ್ಮಲ್ಲಿ?

ಇದನ್ನು ಓದಿ ಯಾರೂ ಹಾವು ಹುಡುಕಲು ಹೊರಡಬೇಡಿ. ನಮ್ಮ ಹೆಬ್ಬಾವು, ಪೈಥಾನ್ ಮೊಲುರಸ್, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದು, ಮನೆಯಲ್ಲಿಡುವುದು ಅಪರಾಧ. ತೋಟದಲ್ಲಿ ಕಂಡರೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿ. ಬಾಲ್ ಪೈಥಾನ್ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದ್ದು, 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಇಲ್ಲಿ ಅದನ್ನು ಹೊಂದಿರುವವರು ನೋಂದಣಿ ಮಾಡಿಸಬೇಕು. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದ ಪ್ರಯಾಣಿಕರೊಬ್ಬರ ಲಗೇಜಿನಲ್ಲಿ 10 ಹಳದಿ ಅನಕೊಂಡಾಗಳು ಸಿಕ್ಕವು. ಮೇಲಿನ ನಾಲ್ಕು ಅಗತ್ಯಗಳಲ್ಲಿ ಆ ಲಗೇಜಿನಲ್ಲಿ ಎಷ್ಟಿದ್ದವು ಎಂದು ನೀವೇ ಎಣಿಸಿ.

ಅಭ್ಯಾಸ

1. ಗೂಡಿನ ಉಷ್ಣತೆಯನ್ನು 25ರಿಂದ 30 ಡಿಗ್ರಿಗೆ ಏರಿಸಿದಾಗ, ನೀರು ಸೇರಿಸದಿದ್ದರೆ, ಸಾಪೇಕ್ಷ ಆರ್ದ್ರತೆ ಏನಾಗುತ್ತದೆ? ಏಕೆ?

2. ಮೊಟ್ಟೆಗೆ ಕಾವು ಕೊಡುವಾಗ ನಮ್ಮ ಹೆಣ್ಣು ಹೆಬ್ಬಾವು ಸ್ನಾಯುಗಳನ್ನು ಅದುರಿಸಿ ಶಾಖ ಉತ್ಪಾದಿಸುತ್ತದೆ. ಹಾಗಾದರೆ ಶೀತರಕ್ತ ಎಂಬ ಪದ ಅದಕ್ಕೆ ಪೂರ್ತಿ ಹೊಂದುತ್ತದೆಯೇ?

3. ನಿಮ್ಮ ಮನೆಯಲ್ಲಿ ಕೋಳಿ, ಆಡು, ಮೀನು, ಏನಿದ್ದರೂ ಅದರ ಗೂಡಿನ ಉಷ್ಣತೆಯನ್ನು ಒಂದು ವಾರ ದಿನಕ್ಕೆರಡು ಬಾರಿ ಬರೆಯಿರಿ. ಥರ್ಮಾಮೀಟರ್ ಪ್ರಯೋಗಾಲಯದಲ್ಲಿ ಸಿಗುತ್ತದೆ.

ಉತ್ತರಗಳನ್ನು ಮುಂದಿನ ಸಂಚಿಕೆಯೊಳಗೆ ಜೀವಶಾಸ್ತ್ರ ವಿಭಾಗಕ್ಕೆ ಕೊಡಿ.